ಪರದೆಯ ಇಂಜಿನ್, ಶಿರಾಡಿಯ ಏರು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಕಾರಿನ ಹುಚ್ಚಿರುವ ಕಾಲೇಜು ಹುಡುಗನೊಬ್ಬ ಕಂಪ್ಯೂಟರಿನಲ್ಲಿ ಇಂಜಿನ್ ಕಟ್ಟಲು ಕೂತಿದ್ದಾನೆ ಎಂದಿಟ್ಟುಕೊಳ್ಳಿ. ಆಟದ ಹೆಸರು ‘ಆಟೋಮೇಷನ್’. ಕ್ಯಾಮ್‌ಶಾಫ್ಟ್ ಸಾಫ್ಟ್‌ವೇರ್ ಎಂಬ ಸಣ್ಣ ತಂಡ ರೂಪಿಸಿದ ಈ ಆಟ 2015ರಿಂದ ‘ಸ್ಟೀಮ್’ ಮಳಿಗೆಯಲ್ಲಿ ಸಿಗುತ್ತಿದೆ. ಎರಡನೇ ಮಹಾಯುದ್ಧ ಮುಗಿದ ಮರುವರ್ಷದಿಂದ ಇತ್ತ ಯಾವ ಕಾಲವನ್ನಾದರೂ ಆರಿಸಿಕೊಂಡು, ಆ ಕಾಲಕ್ಕೆ ಒಪ್ಪುವ ಇಂಜಿನ್ ಕಟ್ಟಿ, ಅದನ್ನೊಂದು ಕಾರಿಗೆ ಕೂರಿಸುವುದೇ ಆಟ. ಸಿಲಿಂಡರ್ ಎಷ್ಟು, ಬೋರ್ ಎಷ್ಟು, ಸ್ಟ್ರೋಕ್ ಎಷ್ಟು, ಕ್ರ್ಯಾಂಕ್ ಎರಕದ್ದೋ ಬಡಿದದ್ದೋ, ಕಾರ್ಬುರೇಟರೋ ಇಂಜೆಕ್ಷನ್ನೋ, ಸೈಲೆನ್ಸರ್ ಕೊಳವೆ ಎಷ್ಟು ದಪ್ಪ, ಎಲ್ಲವನ್ನೂ ಆಡುವವನೇ ತೀರ್ಮಾನಿಸಬೇಕು. ನಮ್ಮ ಹುಡುಗ 1200 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಮಾಡಿ, ವಾಲ್ವು ತೆರೆಯುವ ಕ್ಯಾಮ್ ತೀಕ್ಷ್ಣವಾಗಿಸಿ, ನಿಮಿಷಕ್ಕೆ 8500 ಸುತ್ತಿನವರೆಗೆ ತಿರುಗಲು ಬಿಟ್ಟ. ಶಕ್ತಿ ಅಳೆಯುವ ಡೈನೋದ ಗೆರೆ ಮೇಲೇರಿ 140 ಹೆಚ್‌ಪಿಗೆ ಮುಟ್ಟಿತು. ಊರಿನ ಬೀದಿಯಲ್ಲಿ ಓಡಾಡುವ 1200 ಸಿಸಿ ಕಾರುಗಳದ್ದು 85ರ ಆಸುಪಾಸು. ಹಾಗಾದರೆ ಕಾರಿನ ಕಂಪನಿಗಳ ಎಂಜಿನಿಯರುಗಳು ಇಷ್ಟು ವರ್ಷ ಏನು ಮಾಡುತ್ತಿದ್ದರು?

ಈ ಪ್ರಶ್ನೆಯನ್ನು ಸುಮ್ಮನೆ ನಕ್ಕು ಬಿಡಬಾರದು. ಇಂಜಿನ್ನಿನ ವಿಜ್ಞಾನವೆಲ್ಲ ಅದರ ಉತ್ತರದಲ್ಲೇ ಇದೆ. ಇಂಥ ಆಟ ಕಟ್ಟುವವರಿಗೂ ಅದೇ ಕಷ್ಟದ ಜಾಗ. ಆಟ ವಾಸ್ತವಕ್ಕೆ ಹತ್ತಿರವಿರಬೇಕು, ಜೊತೆಗೆ ಸಮತೂಕವೂ ಇರಬೇಕು. ಒಂದೇ ಬಗೆಯ ಇಂಜಿನ್ ಎಲ್ಲ ಕಡೆ ಗೆಲ್ಲುವಂತಾದರೆ ಆಟ ಸತ್ತಿತು. ಈ ಎರಡೂ ಪರಸ್ಪರ ಎಳೆದಾಡುತ್ತವೆ ಎಂದು ಹಲವರು ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಿಜ ಜಗತ್ತಿನಲ್ಲೂ ಯಾವ ಇಂಜಿನ್ನೂ ಎಲ್ಲ ಕಡೆ ಗೆದ್ದಿಲ್ಲ. ಹಾಗೆ ಗೆಲ್ಲಲು ಬಿಡದ ಕಾರಣಗಳನ್ನು ಹುಡುಕಿ ಲೆಕ್ಕಕ್ಕೆ ತಂದರೆ ಸಮತೂಕ ತಾನಾಗಿ ಬರುತ್ತದೆ. ಆ ಕಾರಣಗಳನ್ನು ಹುಡುಕಲು ಹಾಸನ ಜಿಲ್ಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. ಇಲ್ಲಿ ಕೆಸರುಗದ್ದೆಯಿದೆ, ಬಯಲಿದೆ, ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪವೇ ಕಡಿಮೆ ಎತ್ತರದ ಊರಿದೆ, ಪಕ್ಕದಲ್ಲೇ ಘಾಟಿಯಿದೆ.

ಮೊದಲು ಗಾಳಿಯ ವಿಷಯ. ಇಂಜಿನ್ನಿಗೆ ಶಕ್ತಿ ಬರುವುದು ಪೆಟ್ರೋಲಿನಿಂದ ಎನ್ನುತ್ತೇವೆ. ಆದರೆ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಅಂದರೆ ಹತ್ತಿರ ಹತ್ತಿರ 12 ಸಾವಿರ ಲೀಟರ್. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಗಾಳಿಯನ್ನು ಒಳಗೆಳೆದುಕೊಳ್ಳುವುದೇ ಕಷ್ಟ. ಹುಡುಗನ 1200 ಸಿಸಿ ಇಂಜಿನ್ 8500 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 5100 ಲೀಟರ್ ಗಾಳಿ ನುಂಗಬೇಕು, ಅಂದರೆ ಸೆಕೆಂಡಿಗೆ ನೂರು ಗ್ರಾಂ. ಹೆಚ್ಚು ಗಾಳಿ ಬೇಕೆಂದರೆ ಇಂಜಿನ್ ದೊಡ್ಡದಾಗಬೇಕು, ಇಲ್ಲವೇ ಬೇಗ ಬೇಗ ತಿರುಗಬೇಕು, ಇಲ್ಲವೇ ಟರ್ಬೊ ಇಟ್ಟು ಗಾಳಿಯನ್ನು ಒತ್ತಿ ತುಂಬಬೇಕು. ನಾಲ್ಕನೆಯ ದಾರಿಯಿಲ್ಲ.

ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆಗಳ ನಿಯಮ ಬರೆದವರು. ಎಂಜಿನಿಯರಿಂಗ್ ಕಾಲೇಜುಗಳ ‘ಬಾಹಾ’ ಸ್ಪರ್ಧೆಯಲ್ಲಿ ಎಲ್ಲ ತಂಡಗಳಿಗೂ ಒಂದೇ ಇಂಜಿನ್ ಕೊಟ್ಟು ಸಮ ಮಾಡುತ್ತಾರೆ. ‘ಫಾರ್ಮುಲಾ’ ಮಾದರಿಯ ಸ್ಪರ್ಧೆಯಲ್ಲಿ 710 ಸಿಸಿಯೊಳಗೆ ಯಾವ ಇಂಜಿನ್ ಬೇಕಾದರೂ ತರಬಹುದು, ಆದರೆ ಅದು ಕುಡಿಯುವ ಗಾಳಿಯೆಲ್ಲ 20 ಮಿಲಿಮೀಟರ್ ಅಗಲದ ಒಂದೇ ಕಂಡಿಯ ಮೂಲಕ ಹೋಗಬೇಕು. ಆ ಕಂಡಿಯಲ್ಲಿ ಗಾಳಿಯ ವೇಗ ಶಬ್ದದ ವೇಗಕ್ಕೆ ಮುಟ್ಟಿದ ಮೇಲೆ, ಇಂಜಿನ್ ಎಷ್ಟೇ ಎಳೆದರೂ ಒಂದು ಗ್ರಾಂ ಹೆಚ್ಚು ಗಾಳಿ ಒಳಗೆ ಬರುವುದಿಲ್ಲ. ಸಮುದ್ರಮಟ್ಟದಲ್ಲಿ ಅದರ ಮಿತಿ ಸೆಕೆಂಡಿಗೆ ಸುಮಾರು 75 ಗ್ರಾಂ. ಚನ್ನರಾಯಪಟ್ಟಣದ ಹುಡುಗನ ಇಂಜಿನ್ ಅಲ್ಲಿ ಉಸಿರು ಕಟ್ಟಿ ನಿಲ್ಲುತ್ತದೆ. ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ‘ನೀನು ಇಷ್ಟೇ ಹೆಚ್‌ಪಿ ಮಾಡಬೇಕು’ ಎಂದು ಯಾರೂ ತೀರ್ಪು ಕೊಟ್ಟಿಲ್ಲ. ಒಂದು ಕಂಡಿ ಕೊರೆದು ಉಳಿದದ್ದನ್ನು ಭೌತಶಾಸ್ತ್ರಕ್ಕೆ ಬಿಟ್ಟಿದ್ದಾರೆ. ಇಂಥ ಕಾರನ್ನು 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಅಂಗಳದಲ್ಲಿ ಓಡಿಸಿ ನೋಡಿದರೆ, ಇಲ್ಲಿನ ತೆಳು ಗಾಳಿಯಿಂದಾಗಿ ಅದೇ ಕಂಡಿಯಲ್ಲಿ ಇನ್ನೂ ಶೇಕಡ 10ರಷ್ಟು ಕಡಿಮೆ ಗಾಳಿ ಹೋಗುತ್ತದೆ. ಮೈದಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಆಟದ ಡೈನೋ ಯಾವ ಊರಿನಲ್ಲಿದೆ, ಯಾವ ಎತ್ತರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಬೇಗ ತಿರುಗಿಸುವ ದಾರಿಗೆ ಬರೋಣ. ಆಟಗಾರರಿಗೆಲ್ಲ ಇದೇ ಇಷ್ಟ, ಇದರಲ್ಲೇ ವಿಜ್ಞಾನವೂ ಹೆಚ್ಚು.

ಹೊಳೆನರಸೀಪುರ, ಅರಕಲಗೂಡು ಕಡೆಯ ನೀರಾವರಿ ಗದ್ದೆಗಳಲ್ಲಿ ನಾಟಿ ಸಮಯಕ್ಕೆ ಟಿಲ್ಲರ್ ಸದ್ದು ಕೇಳುತ್ತದೆ. ಬೆಂಗಳೂರಿನ ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯೊಂದಿಗೆ ಕೈಜೋಡಿಸಿ ಶುರುವಾದದ್ದು. ಅದರ ಶಕ್ತಿ ಟಿಲ್ಲರಿನಲ್ಲಿ ಇರುವುದು ಮಲಗಿಸಿದ ಒಂದೇ ಸಿಲಿಂಡರಿನ ಡೀಸೆಲ್ ಇಂಜಿನ್, 2400 ಸುತ್ತಿನಲ್ಲಿ 13 ಹೆಚ್‌ಪಿ. ಅದೇ ಗದ್ದೆಯ ಬದುವಿನ ಮೇಲೆ ಮನೆಯ ಹುಡುಗ ನಿಲ್ಲಿಸಿರುವ ಯಮಹಾ ಆರ್15 ಬೈಕಿನಲ್ಲಿ 155 ಸಿಸಿಯ ಪೆಟ್ರೋಲ್ ಇಂಜಿನ್, 10 ಸಾವಿರ ಸುತ್ತಿನಲ್ಲಿ 18 ಹೆಚ್‌ಪಿಗೂ ಸ್ವಲ್ಪ ಮೇಲೆ. ಬೈಕಿನದೇ ಹೆಚ್ಚು ಶಕ್ತಿ, ತೂಕವೂ ಕಡಿಮೆ. ಹಾಗಿದ್ದರೆ ಬೈಕಿನ ಇಂಜಿನನ್ನೇ ಟಿಲ್ಲರಿಗೆ ಯಾಕೆ ಕೂರಿಸುವುದಿಲ್ಲ?

‘ಟಾರ್ಕ್ ಸಾಲದು’ ಎನ್ನುವುದು ಸಾಮಾನ್ಯ ಉತ್ತರ. ಟಾರ್ಕ್ ಅಂದರೆ ತಿರುಚುವ ಬಲ. ಲೆಕ್ಕ ಹಾಕಿದರೆ ಟಿಲ್ಲರಿನದು 38 ನ್ಯೂಟನ್ ಮೀಟರ್, ಬೈಕಿನದು 13ರ ಹತ್ತಿರ. ಆದರೆ ಈ ಉತ್ತರ ಪೂರ್ತಿ ಸರಿಯಲ್ಲ. ಗೇರು ಇರುವುದೇ ಅದಕ್ಕೆ. ವೇಗ ಇಳಿಸಿಕೊಂಡರೆ ಟಾರ್ಕ್ ಬೇಕಾದಷ್ಟು ಏರುತ್ತದೆ. 10 ಸಾವಿರ ಸುತ್ತನ್ನು 2400ಕ್ಕೆ ಇಳಿಸುವ ಗೇರು ಹಾಕಿದರೆ ಬೈಕಿನ ಇಂಜಿನ್ ಟಿಲ್ಲರಿಗಿಂತ ಹೆಚ್ಚು ಟಾರ್ಕ್ ಕೊಡುತ್ತದೆ. ಅನೇಕ ಆಟಗಳು ಎಡವುವುದು ಇಲ್ಲೇ. ದೊಡ್ಡ ಇಂಜಿನ್ನಿಗೆ ‘ಟಾರ್ಕ್ ಅಂಕ’ ಕೊಟ್ಟು, ಸಣ್ಣದಕ್ಕೆ ಕಳೆದು, ಸಮತೂಕವಾಯಿತು ಎಂದುಕೊಳ್ಳುತ್ತವೆ.

ನಿಜವಾದ ಉತ್ತರ ಕೆಸರಿನಲ್ಲಿದೆ. ಟಿಲ್ಲರಿನ ಹಲ್ಲು ಗಟ್ಟಿ ಮಣ್ಣಿಗೆ ಸಿಕ್ಕಾಗ ಇಂಜಿನ್ನಿನ ಸುತ್ತು ಕುಸಿಯುತ್ತದೆ. ಆಗ ಡೀಸೆಲ್ ಇಂಜಿನ್ನಿನ ಗವರ್ನರ್ ತಾನಾಗಿಯೇ ಹೆಚ್ಚು ಇಂಧನ ಬಿಡುತ್ತದೆ. ಸುತ್ತು ಇಳಿದರೂ ತಿರುಚುವ ಬಲ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. ಇಂಜಿನ್ ಮುಕ್ಕರಿಸಿಕೊಂಡು ಮುಂದೆ ಹೋಗುತ್ತದೆ. ಬೈಕಿನ ಇಂಜಿನ್ನಿನ ಶಕ್ತಿಯೆಲ್ಲ ಮೇಲಿನ ಕೆಲವೇ ಸಾವಿರ ಸುತ್ತುಗಳ ನಡುವೆ ಇರುವುದರಿಂದ, ಸುತ್ತು ಒಮ್ಮೆ ಆ ಗಡಿಗಿಂತ ಕೆಳಗೆ ಜಾರಿದರೆ ಆಫ್ ಆಗಿಬಿಡುತ್ತದೆ. ತೀಕ್ಷ್ಣ ಕ್ಯಾಮ್ ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ವೇಗದಲ್ಲಿ ಅದು ವರ. ನಿಧಾನದಲ್ಲಿ, ಒಳಗೆ ಬಂದ ಗಾಳಿಯೇ ವಾಪಸ್ ಹೊರಗೆ ಹೋಗುತ್ತದೆ. ಆರ್15ರ ಈಚಿನ ಮಾದರಿಗಳಲ್ಲಿ ಸುಮಾರು 7400 ಸುತ್ತಿನಲ್ಲಿ ಕ್ಯಾಮ್ ಬದಲಿಸುವ ಏರ್ಪಾಡಿರುವುದು ಈ ಕಷ್ಟಕ್ಕಾಗಿಯೇ. ಕೆಳಗೊಂದು ಕ್ಯಾಮ್, ಮೇಲೊಂದು ಕ್ಯಾಮ್. ‘ಆಟೋಮೇಷನ್’ ಆಟದಲ್ಲೂ ಇದು ಸಿಗುತ್ತದೆ, ಆದರೆ ಸರಿಯಾದ ವರ್ಷ ಬರುವವರೆಗೆ ಕಾಯಬೇಕು, ದುಡ್ಡೂ ತೆರಬೇಕು.

ಇನ್ನೊಂದು ಬೆಲೆ ಕಣ್ಣಿಗೆ ಕಾಣದ್ದು. 10 ಸಾವಿರ ಸುತ್ತಿನಲ್ಲಿ ಆರ್15ರ ಪಿಸ್ಟನ್ ಸೆಕೆಂಡಿಗೆ 333 ಸಲ ತುದಿ ಮುಟ್ಟಿ, ನಿಂತು, ಹಿಂದಿರುಗುತ್ತದೆ. ಆ ತಿರುವಿನಲ್ಲಿ ಅದರ ಮೇಲಿನ ವೇಗೋತ್ಕರ್ಷ ಗುರುತ್ವದ ಮೂರು ಸಾವಿರ ಪಟ್ಟಿಗೂ ಮೇಲೆ. ಪಿಸ್ಟನ್ ನೂರೇ ಗ್ರಾಂ ಎಂದುಕೊಂಡರೂ ಕನೆಕ್ಟಿಂಗ್ ರಾಡಿನ ಮೇಲೆ ಮುನ್ನೂರು ಕಿಲೋಗೂ ಮೀರಿದ ಎಳೆತ. ಈ ಎಳೆತ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಸಾವಿರದಿಂದ 12 ಸಾವಿರಕ್ಕೆ ಹೋದರೆ ಸುತ್ತು ಹೆಚ್ಚಿದ್ದು ಶೇಕಡ 20, ರಾಡಿನ ಮೇಲಿನ ಎಳೆತ ಹೆಚ್ಚಿದ್ದು ಶೇಕಡ 44. ಗಾಳಿ ಹೆಚ್ಚೆಂದರೆ ಶೇಕಡ 20 ಹೆಚ್ಚುತ್ತದೆ, ಕೇಡು ಅದರ ಎರಡು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಲಾಭ ಕೊಡುವ ಕಾರಣವೇ ನಷ್ಟವನ್ನೂ ತರುವುದು ಅಂದರೆ ಇದು. ‘ಆಟೋಮೇಷನ್’ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಸ್ಟ್ರೋಕ್ ಉದ್ದ ಮಾಡಿ ಸುತ್ತು ಏರಿಸಿದರೆ ರಾಡು ತಡೆಯುವುದಿಲ್ಲ ಎಂದು ಪರದೆ ಎಚ್ಚರಿಸುತ್ತದೆ. ವಾಲ್ವಿನ ಸ್ಪ್ರಿಂಗ್ ಸಾಲದೆ ಹೋದರೆ ವಾಲ್ವು ಕ್ಯಾಮಿನ ಹಿಡಿತ ತಪ್ಪಿ ತೇಲುವುದನ್ನೂ ತೋರಿಸುತ್ತದೆ. ಹುಡುಗ ಬಡಿದ ಉಕ್ಕಿನ ರಾಡು ಹಾಕಿ ಅದರಿಂದ ಪಾರಾದ. ಇಂಜಿನ್ನಿನ ಬೆಲೆ ಅಲ್ಲೇ ಏರಿತು.

ಇದಕ್ಕೆ ತದ್ವಿರುದ್ಧವಾದ ತುದಿಯಲ್ಲಿ ಟಾಟಾ ಲಾರಿಗಳ ‘697’ ಇಂಜಿನ್ ಇದೆ. ಬೆಂಗಳೂರು–ಮಂಗಳೂರು (ಬಿ.ಎಂ.) ರಸ್ತೆಯ ಹಳೆಯ ಮೇಸ್ತ್ರಿಗಳಿಗೆ ಈ ಅಂಕಿ ಬಾಯಿಪಾಠ. ಅದರಲ್ಲೇ ಇಂಜಿನ್ನಿನ ಅಳತೆಯಿದೆ. 6 ಸಿಲಿಂಡರ್, 97 ಮಿಲಿಮೀಟರ್ ಬೋರ್. ಸ್ಟ್ರೋಕ್ 128. ಗುಣಿಸಿ ನೋಡಿದರೆ 5675 ಸಿಸಿ. 2500 ಸುತ್ತಿನಲ್ಲಿ ಅದರ ಪಿಸ್ಟನ್ ಸರಾಸರಿ ಸೆಕೆಂಡಿಗೆ 10.7 ಮೀಟರ್ ಓಡುತ್ತದೆ. ಆರ್15ರ ಪಿಸ್ಟನ್ 10 ಸಾವಿರ ಸುತ್ತಿನಲ್ಲಿ 19.6 ಮೀಟರ್. ಲಕ್ಷಾಂತರ ಕಿಲೋಮೀಟರ್ ಓಡಿ, ಆಮೇಲೆ ಬೋರ್ ಮಾಡಿಸಿಕೊಂಡು ಮತ್ತೆ ಓಡುವ ಲಾರಿ ಇಂಜಿನ್ನಿನ ದೀರ್ಘಾಯುಷ್ಯದ ಬಹುಪಾಲು ಆ ನಿಧಾನದಲ್ಲೇ ಇದೆ.

ಆ ಲಾರಿಯನ್ನು ಈಗ ಶಿರಾಡಿ ಘಾಟಿಗೆ ಒಯ್ಯೋಣ. ಮಂಗಳೂರು ಬಂದರಿನಿಂದ ಹೊರಟ ಲೋಡು ಗುಂಡ್ಯ ದಾಟಿ, ಅಡ್ಡಹೊಳೆಯಿಂದ ಮಾರನಹಳ್ಳಿಗೆ ಏರಿ, ದೋಣಿಗಾಲ್ ಮೂಲಕ ಸಕಲೇಶಪುರ ಸೇರಬೇಕು. ಸಕಲೇಶಪುರ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ. ಲೋಡು ಸೇರಿ 16 ಟನ್ನಿನ ಲಾರಿ, 120 ಹೆಚ್‌ಪಿ, ನೂರು ಮೀಟರಿಗೆ ಆರು ಮೀಟರ್ ಏರುವ ಒಂದು ತುಣುಕು ರಸ್ತೆ ಎಂದಿಟ್ಟುಕೊಂಡು ಲೆಕ್ಕ ಮಾಡಿ. ಗೇರು, ಆಕ್ಸಲುಗಳಲ್ಲಿ ಶೇಕಡ 15 ಸೋರಿಹೋಗಿ ಚಕ್ರಕ್ಕೆ ಸಿಗುವುದು 75 ಕಿಲೋವ್ಯಾಟ್. ಏರು ಮತ್ತು ಟೈರಿನ ಉಜ್ಜುವಿಕೆ ಸೇರಿ ಹಿಂದಕ್ಕೆ ಎಳೆಯುವ ಬಲ ಸುಮಾರು 11 ಸಾವಿರ ನ್ಯೂಟನ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಗಂಟೆಗೆ 24 ಕಿಲೋಮೀಟರಿಗೆ ಚೂರು ಮೇಲೆ. ಇದು ಇಂಜಿನ್ ಹೊಚ್ಚ ಹೊಸದಾಗಿದ್ದು ಸಮುದ್ರಮಟ್ಟದ ಗಾಳಿ ಕುಡಿದಾಗಿನ ಮಾತು. ಘಾಟಿಯ ತಲೆಯಲ್ಲಿ ಗಾಳಿಯ ಸಾಂದ್ರತೆ ಶೇಕಡ 8–9ರಷ್ಟು ಇಳಿದಿರುತ್ತದೆ, ವೇಗ 22ಕ್ಕೆ ಬರುತ್ತದೆ. ಬಳ್ಳಾರಿಯ ಅದಿರು ಇದೇ ಘಾಟಿಯಲ್ಲಿ ಬಂದರಿಗೆ ಇಳಿಯುತ್ತಿದ್ದ ವರ್ಷಗಳಲ್ಲಿ ಮಿತಿ ಮೀರಿದ ಲೋಡಿನ ಲಾರಿಗಳು ರಸ್ತೆಯನ್ನೇ ಅರೆದುಹಾಕಿದವು.  ನಮ್ಮ ಲೆಕ್ಕದ ಲಾರಿಯೇ ಲೋಡು ಸೇರಿ 22 ಟನ್ ತೂಗುತ್ತ ಹತ್ತಿದರೆ ಘಾಟಿಯ ತಲೆಯಲ್ಲಿ ಅದರ ವೇಗ 16 ಕಿಲೋಮೀಟರ್. ಅದರ ಹಿಂದೆ ಸಿಕ್ಕಿಬಿದ್ದ ಕಾರಿನವರು ಡ್ರೈವರನ್ನು ಬೈಯುತ್ತಾರೆ. ಆ ಡ್ರೈವರ್ ಆಗಲೇ ಇಂಜಿನ್ನಿನಲ್ಲಿ ಇರುವುದನ್ನೆಲ್ಲ ತೆಗೆಯುತ್ತಿರುತ್ತಾನೆ. ಅವನಿಗೆ ನ್ಯಾಯ ಸಲ್ಲಬೇಕೆಂದೇ ಈ ಲೆಕ್ಕವನ್ನು ಇಷ್ಟು ಬಿಡಿಸಿ ಬರೆದೆ.

ಹಳೆಯ ಲಾರಿಗಳು ಏರಿನಲ್ಲಿ ಕಪ್ಪು ಹೊಗೆ ಕಾರುವುದಕ್ಕೂ ಇದೇ ಕಾರಣ. ಹಳೆಯ ಕಾಲದ ಯಾಂತ್ರಿಕ ಡೀಸೆಲ್ ಪಂಪಿಗೆ ಎತ್ತರ ಗೊತ್ತಾಗುವುದಿಲ್ಲ. ಮಂಗಳೂರಿನಲ್ಲಿ ಎಷ್ಟು ಇಂಧನ ಬಿಡುತ್ತಿತ್ತೋ ದೋಣಿಗಾಲಿನಲ್ಲೂ ಅಷ್ಟೇ ಬಿಡುತ್ತದೆ. ಗಾಳಿ ಮಾತ್ರ ಕಡಿಮೆ. ಉರಿಯಲು ಗಾಳಿ ಸಿಗದ ಇಂಧನ ಮಸಿಯಾಗಿ ಹೊರಗೆ ಬರುತ್ತದೆ. ಟರ್ಬೊ ಬಂದ ಮೇಲೆ ಈ ಕಷ್ಟ ಬಹುಮಟ್ಟಿಗೆ ನೀಗಿತು. ಹೊಗೆಯ ರಭಸದಿಂದಲೇ ತಿರುಗುವ ಚಕ್ರ ಹೊರಗಿನ ತೆಳು ಗಾಳಿಯನ್ನು ಒತ್ತಿ ತುಂಬಿಕೊಡುತ್ತದೆ. ಆದರೆ ನಿಂತ ಲಾರಿ ಏರಿನಲ್ಲಿ ಹೊರಡುವಾಗ ಹೊಗೆಗೆ ರಭಸವಿರುವುದಿಲ್ಲ, ಟರ್ಬೊ ಎಚ್ಚರಗೊಳ್ಳಲು ಹೊತ್ತು ಬೇಕು. ಆಟದ ಗೆರೆಯಲ್ಲಿ ಈ ತಡ ಚೆನ್ನಾಗಿ ಕಾಣುತ್ತದೆ: ಎಡಭಾಗದಲ್ಲಿ ತಗ್ಗು, ಆಮೇಲೆ ಒಮ್ಮೆಲೇ ಗುಡ್ಡ. ಆದರೆ ಟರ್ಬೊ ಯಾಕೆ ಬೇಕಾಯಿತು ಎನ್ನುವ ಅರ್ಧ ಕಾರಣ, ಅಂದರೆ ಎತ್ತರ, ಆ ಗೆರೆಯಲ್ಲಿಲ್ಲ. ಅದನ್ನು ಸೇರಿಸಿದರೆ ಟರ್ಬೊ ಇಲ್ಲದ ಇಂಜಿನ್ ಬಯಲುಸೀಮೆಯ ಅಗ್ಗದ ಆಯ್ಕೆಯಾಗಿ ಉಳಿಯುತ್ತದೆ, ಘಟ್ಟದ ಊರುಗಳಲ್ಲಿ ಟರ್ಬೊ ತನ್ನ ಬೆಲೆಗೆ ತಕ್ಕ ಲಾಭ ಕೊಡುತ್ತದೆ. ಯಾರಿಗೂ ಕೃತಕವಾಗಿ ಅಂಕ ಕಡಿಯಬೇಕಿಲ್ಲ.

ಎತ್ತರ ಕಿತ್ತುಕೊಳ್ಳುವುದನ್ನಷ್ಟೇ ಮಾಡುವುದಿಲ್ಲ, ಕೊಡುವುದೂ ಉಂಟು. ಪೆಟ್ರೋಲ್ ಇಂಜಿನ್ನಿನಲ್ಲಿ ಕಂಪ್ರೆಷನ್ ಹೆಚ್ಚಿಸಿದಷ್ಟೂ ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಆದರ್ಶ ಲೆಕ್ಕದಲ್ಲಿ 8 ಪಟ್ಟು ಒತ್ತಿದರೆ ದಕ್ಷತೆ ಶೇಕಡ 56, 10 ಪಟ್ಟಿಗೆ 60, 12 ಪಟ್ಟಿಗೆ 63. ಒಂದೊಂದು ಮೆಟ್ಟಿಲಿಗೂ ಸಿಗುವ ಲಾಭ ಸಣ್ಣದಾಗುತ್ತ ಹೋಗುತ್ತದೆ. ಅದೇ ಹೊತ್ತಿಗೆ ಮಿಶ್ರಣ ಬಿಸಿಯಾಗಿ, ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ತಾನೇ ಸಿಡಿಯುವ ಅಪಾಯ ಬೆಳೆಯುತ್ತದೆ. ಇದೇ ನಾಕಿಂಗ್. ಪಿಸ್ಟನ್ನಿನ ತಲೆಯನ್ನೇ ತಿಂದುಹಾಕಬಲ್ಲದು. ಇದನ್ನು ತಡೆಯುವ ಪೆಟ್ರೋಲಿನ ಗುಣಕ್ಕೆ ಆಕ್ಟೇನ್ ಎಂಬ ಅಳತೆ. ಈಗ ನೋಡಿ, ಹಾಸನದ ತೆಳು ಗಾಳಿಯಲ್ಲಿ ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆ, ಆದ್ದರಿಂದ ಒತ್ತಿದಾಗ ಏರುವ ಒತ್ತಡವೂ ಕಡಿಮೆ, ನಾಕಿಂಗ್ ಸ್ವಲ್ಪ ದೂರ ಸರಿಯುತ್ತದೆ. ಅಮೆರಿಕದ ಡೆನ್ವರ್ ನಗರ 1600 ಮೀಟರ್ ಎತ್ತರದಲ್ಲಿದೆ. ಬಯಲಿನ ಊರುಗಳಲ್ಲಿ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಅಲ್ಲಿನ ಅಳತೆಯಲ್ಲಿ 87 ಇದ್ದರೆ, ಆ ಬೆಟ್ಟದ ಸೀಮೆಯ ಪಂಪುಗಳಲ್ಲಿ 85ರದ್ದನ್ನೂ ಮಾರುತ್ತ ಬಂದಿದ್ದಾರೆ. ಟರ್ಬೊ ಇರುವ ಹೊಸ ಇಂಜಿನ್ನುಗಳಿಗೆ ಈ ರಿಯಾಯಿತಿ ಇಲ್ಲ, ಅವು ಕಳೆದ ಗಾಳಿಯನ್ನು ಮತ್ತೆ ತುಂಬಿಕೊಂಡುಬಿಡುತ್ತವೆ. ಎತ್ತರ ಎಂಬ ಒಂದೇ ಅಂಕಿಯನ್ನು ಸರಿಯಾಗಿ ಸೇರಿಸಿದರೆ ಶಕ್ತಿ, ಹೊಗೆ, ನಾಕಿಂಗ್, ಟರ್ಬೊದ ಬೆಲೆ ಎಲ್ಲವೂ ಒಟ್ಟಿಗೆ ಕದಲುತ್ತವೆ. ಆಟದಲ್ಲಿ ವಾಸ್ತವ ಹೆಚ್ಚಿಸಬೇಕೆಂದು ಹೊರಟವರು ಇನ್ನೂ ನೂರು ಬಿಡಿಭಾಗ ಸೇರಿಸಲು ನೋಡುತ್ತಾರೆ. ನನ್ನ ಪ್ರಕಾರ ಹತ್ತು ಕಡೆ ಕಚ್ಚುವ ಇಂಥ ಒಂದು ಕಾರಣ ಅದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

‘ಆಟೋಮೇಷನ್’ನಲ್ಲಿ ನನಗೆ ಒಪ್ಪಿಗೆಯಾಗದ ಜಾಗವೊಂದಿದೆ. ಪ್ರತಿ ಭಾಗಕ್ಕೂ ‘ಗುಣಮಟ್ಟ’ ಎಂಬ ಜಾರುಗುಂಡಿ, ಕಳೆ 15ರಿಂದ ಕೂಡು 15ರವರೆಗೆ. ಬಲಕ್ಕೆ ಎಳೆದರೆ ಭಾಗ ಉತ್ತಮವಾಗುತ್ತದೆ, ಖರ್ಚು ಏರುತ್ತದೆ, ತಯಾರಿಗೆ ಹೆಚ್ಚು ಕಾಲ ಹಿಡಿಯುತ್ತದೆ. ಆಟಕ್ಕೆ ಅನುಕೂಲ, ನಿಜ. ಆದರೆ ಎಲ್ಲ ಕಾರಣಗಳೂ ಇಲ್ಲಿ ಒಂದೇ ಗುಂಡಿಯೊಳಗೆ ಮಾಯವಾಗುತ್ತವೆ. ಹಿಂದಿನ ಕಾಲದ ಇಂಜಿನನ್ನು ದುಡ್ಡು ಸುರಿದು ಮುಂದಿನ ಕಾಲದ್ದಾಗಿ ಮಾಡಿಬಿಡಬಹುದು. ನಿಜವಾದ ಗುಣಮಟ್ಟ ಎಲ್ಲಿರುತ್ತದೆ ಎಂಬುದನ್ನು ಕಾಣಬೇಕಾದರೆ ಬೆಂಗಳೂರಿನ ಆಡುಗೋಡಿಯ ಹಿಂದಿನ ದಿನಗಳಿಗೆ ಹೋಗಬೇಕು. 1951ರಲ್ಲಿ ಬಾಷ್ ಕಂಪನಿಯ ನೆರವಿನಿಂದ ಶುರುವಾದ ಮೈಕೊ ಅಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪು ಮಾಡಿತು. ಡೀಸೆಲ್ ಪಂಪಿನ ಒಳಗೆ ಪ್ಲಂಜರ್ ಮತ್ತು ಬ್ಯಾರೆಲ್ ಎಂಬ ಜೋಡಿ ಇರುತ್ತದೆ. ನೂರಾರು ವಾತಾವರಣದ ಒತ್ತಡದಲ್ಲೂ ಡೀಸೆಲ್ ಸೋರದಂತೆ ತಡೆಯಲು ಅಲ್ಲಿ ಯಾವ ವಾಷರೂ ಇಲ್ಲ. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಮೂವತ್ತು ಪಟ್ಟು. ಅದಕ್ಕೇ ಒಂದರ ಪ್ಲಂಜರನ್ನು ಇನ್ನೊಂದರ ಬ್ಯಾರೆಲಿಗೆ ಹಾಕುವ ಹಾಗಿಲ್ಲ, ಜೋಡಿಯಾಗಿಯೇ ಉಜ್ಜಿ ಹೊಂದಿಸಿದ್ದನ್ನು ಜೋಡಿಯಾಗಿಯೇ ಬದಲಿಸಬೇಕು. ಈ ಮೈಕ್ರಾನುಗಳನ್ನು ಸಾಧಿಸಲು ಯಂತ್ರ ಬೇಕು, ಯಂತ್ರ ನಡೆಸುವ ಕೈ ಬೇಕು, ಅಳೆಯುವ ಉಪಕರಣ ಬೇಕು. ಅವೆಲ್ಲ ಒಂದು ದೇಶದಲ್ಲಿ ನೆಲೆಯೂರಲು ದಶಕಗಳು ಹಿಡಿಯುತ್ತವೆ. ಡೀಸೆಲಿಗೆ ಸೀಮೆಎಣ್ಣೆ ಬೆರೆಸಿದರೆ ಎಣ್ಣೆಯ ಜಿಡ್ಡು ಕಡಿಮೆಯಾಗಿ ಅದೇ ಸಂದು ಸವೆಯುತ್ತದೆ, ಪಂಪಿನ ಒತ್ತಡ ಬೀಳುತ್ತದೆ, ‘ಗಾಡಿ ಲೋಡಿಗೆ ಎಳೀತಿಲ್ಲ’ ಎಂದು ಗ್ಯಾರೇಜಿಗೆ ಬರುತ್ತದೆ. ಗುಣಮಟ್ಟದ ಗುಂಡಿಯ ಬದಲು ಆಟದಲ್ಲಿ ‘ಎಷ್ಟು ಮೈಕ್ರಾನಿನವರೆಗೆ ಕೊರೆಯಬಲ್ಲಿರಿ’ ಎಂಬ ಪ್ರಶ್ನೆಯಿದ್ದರೆ ಇಷ್ಟೂ ತಾನಾಗಿ ಹಿಂದೆ ಬರುತ್ತಿತ್ತು.

ಸರ್ಕಾರಗಳೂ ಇಂಜಿನ್ ವಿನ್ಯಾಸ ಮಾಡುತ್ತವೆ ಎಂಬುದನ್ನು ಆಟಗಾರರು ಬೇಗ ಕಲಿಯಬೇಕು. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕ ಶೇಕಡ 24ರಿಂದ 16ಕ್ಕೆ ಇಳಿಯಿತು. ಮಾರುತಿ ಸ್ವಿಫ್ಟಿನ 1298 ಸಿಸಿ ಪೆಟ್ರೋಲ್ ಇಂಜಿನ್ 2010ರಲ್ಲಿ 1197 ಸಿಸಿಗೆ ಇಳಿಯಿತು. ಶಕ್ತಿಯಲ್ಲಿ ಎರಡಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಇನ್ನೂ ಮುಂದೆ ಹೋಗಿ ಮೂರೇ ಸಿಲಿಂಡರಿನ ಒಂದು ಲೀಟರ್ ಇಂಜಿನ್ನಿಗೆ ಟರ್ಬೊ ಇಟ್ಟು 120 ಹೆಚ್‌ಪಿ ತೆಗೆಯುವ ಕಾರುಗಳು ಬಂದವು. ಮೂರು ಸಿಲಿಂಡರ್ ಇಂಜಿನ್ ಉದ್ದಕ್ಕೆ ತೊನೆಯುವ ಸ್ವಭಾವದ್ದು, ಆ ಅದುರುವಿಕೆಯನ್ನು ಕಂಪನಿಗಳು ಮೌಂಟಿಂಗ್‌ಗಳಲ್ಲಿ ಅಡಗಿಸಬೇಕಾಯಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದಲ್ಲಿ 2000 ಸಿಸಿ ಮತ್ತು ಮೇಲ್ಪಟ್ಟ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿದಾಗ, ಮಹೀಂದ್ರ ಮುಂದಿನ ತಿಂಗಳಲ್ಲೇ 1.99 ಲೀಟರಿನ ಇಂಜಿನ್ ತಂದಿತು. ಭೌತಶಾಸ್ತ್ರದಲ್ಲಿ 1990ಕ್ಕೂ 2000ಕ್ಕೂ ಮಧ್ಯೆ ಗೋಡೆಯೇನೂ ಇಲ್ಲ. ಆದರೂ ಇದನ್ನು ಆಟದೊಳಗೆ ತಂದರೆ ಅವಾಸ್ತವ ಎನ್ನಲಾಗದು, ಏಕೆಂದರೆ ಇಂಥ ಗೋಡೆಗಳು ನಿಜವಾಗಿ ಎದ್ದವು, ಇಂಜಿನ್ನುಗಳು ಅವುಗಳ ಆಕಾರ ಪಡೆದವು.

ಇಂಧನವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಹಾಸನ ಈ ವಿಷಯದಲ್ಲಿ ಇಂಥ ಆಟಗಳಿಗಿಂತ ಮುಂದಿದೆ. ನಗರದಿಂದ ದೂರವೇನಲ್ಲದ ಮಡೆನೂರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭಿಸಿದ ಜೈವಿಕ ಇಂಧನ ಉದ್ಯಾನವಿದೆ. ಬದುವಿನ ಮೇಲೆ, ರಸ್ತೆಬದಿಯಲ್ಲಿ ಬೆಳೆಯುವ ಹೊಂಗೆ, ಬೇವು, ಹಿಪ್ಪೆಯಂಥ ಮರಗಳ ಬೀಜದಿಂದ ಡೀಸೆಲಿಗೆ ಜೊತೆಯಾಗುವ ಎಣ್ಣೆ ತೆಗೆಯುವ ಕೆಲಸ ಅಲ್ಲಿನದು. ಹೊಂಗೆ ಎಣ್ಣೆಯಿಂದಲೇ ಡೀಸೆಲ್ ಇಂಜಿನ್ ಓಡಿಸಬಹುದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅದಕ್ಕೂ ಮೊದಲೇ ಹಳ್ಳಿಗಳಲ್ಲಿ ಮಾಡಿ ತೋರಿಸಿದ್ದರು.

ಹಸಿ ಹೊಂಗೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ನಾಜಲ್ ಬಾಯಿಂದ ಅದು ನುಣ್ಣನೆಯ ಮಂಜಾಗಿ ಹೊರಬರುವುದಿಲ್ಲ, ದಪ್ಪ ಹನಿಗಳಾಗಿ ಬೀಳುತ್ತದೆ. ಹನಿಯ ಹೊರಮೈ ಮಾತ್ರ ಉರಿದು, ಉಳಿದದ್ದು ಇಂಗಾಲವಾಗಿ ನಾಜಲಿಗೆ, ಪಿಸ್ಟನ್ ರಿಂಗಿಗೆ ಅಂಟುತ್ತದೆ. ಮೆಥನಾಲಿನೊಂದಿಗೆ ಸಂಸ್ಕರಿಸಿ ಬಯೋಡೀಸೆಲ್ ಮಾಡಿದರೆ ಅದು ಡೀಸೆಲಿನಷ್ಟೇ ಅನ್ನುವಷ್ಟು ತೆಳುವಾಗುತ್ತದೆ, ಗ್ಲಿಸರಿನ್ ಬೇರೆಯಾಗುತ್ತದೆ. ಕಿಲೋಗೆ ಸಿಗುವ ಶಾಖ ಡೀಸೆಲಿಗಿಂತ ಹತ್ತನೆಯ ಒಂದು ಪಾಲಿನಷ್ಟು ಕಡಿಮೆ, ಆದ್ದರಿಂದ ಮೈಲೇಜು ಸ್ವಲ್ಪ ಬೀಳುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡುತ್ತದೆ. ಆದರೆ ಅದರ ಜಿಡ್ಡು ಪಂಪಿನ ಆ ಮೈಕ್ರಾನ್ ಸಂದನ್ನು ಕಾಯುತ್ತದೆ. ಜೊತೆಗೆ ಅದರ ತೂಕದಲ್ಲಿ ನೂರಕ್ಕೆ ಹತ್ತು ಹನ್ನೊಂದು ಪಾಲು ಆಮ್ಲಜನಕವೇ ಇದೆ. ಉರಿಯಲು ಬೇಕಾದ ಗಾಳಿಯ ಒಂದಂಶವನ್ನು ಇಂಧನವೇ ಹೊತ್ತು ತರುತ್ತದೆ ಎಂದಾಯಿತು. ತೆಳು ಗಾಳಿಯಲ್ಲಿ ಮಸಿ ಉಗುಳುವ ಹಳೆಯ ಲಾರಿಗೆ ಇದು ನೇರವಾಗಿ ನೆರವಾಗುತ್ತದೆ. ಬಯೋಡೀಸೆಲ್ ಬೆರೆಸಿದಾಗ ಕಪ್ಪು ಹೊಗೆ ಇಳಿಯುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ, ಸಾರಜನಕದ ಆಕ್ಸೈಡುಗಳು ಮಾತ್ರ ಚೂರು ಏರುತ್ತವೆ.

‘ಆಟೋಮೇಷನ್’ ಮಾದರಿಯ ಆಟವೊಂದನ್ನು ಹಾಸನದಲ್ಲಿ ಕೂತು ಯಾರಾದರೂ ಬರೆದರೆ, ಇಂಧನದ ಪಟ್ಟಿಯಲ್ಲಿ ಹೊಂಗೆಗೂ ಒಂದು ಸಾಲು ಬೇಕು. ಅದರ ಮುಂದೆ ಐದು ಅಂಕಿ ಬರೆದರೆ ಸಾಕು: ಶಾಖ, ಮಂದತೆ, ಜಿಡ್ಡು, ಆಮ್ಲಜನಕ, ರಬ್ಬರಿನ ಮೇಲಿನ ಪರಿಣಾಮ. ಆಗ ಅರಕಲಗೂಡಿನ ಟಿಲ್ಲರಿಗೂ ದೋಣಿಗಾಲಿನ ಲಾರಿಗೂ ಅದೇ ಎಣ್ಣೆ ಬೇರೆ ಬೇರೆ ಫಲ ಕೊಡುತ್ತದೆ. ನಿಧಾನ ತಿರುಗುವ ಟಿಲ್ಲರಿಗೆ ಮಂದ ಎಣ್ಣೆ ಉರಿಸಲು ಕಾಲಾವಕಾಶ ಹೆಚ್ಚು, ಬೇಗ ತಿರುಗುವ ಕಾರಿನ ಡೀಸೆಲಿಗೆ ಕಡಿಮೆ. 2400 ಸುತ್ತಿನಲ್ಲಿ ಒಂದು ಸ್ಟ್ರೋಕಿಗೆ 12.5 ಮಿಲಿಸೆಕೆಂಡ್ ಸಿಗುತ್ತದೆ, 4800ರಲ್ಲಿ ಅದರ ಅರ್ಧ. ಚನ್ನರಾಯಪಟ್ಟಣದ ಹುಡುಗ ತನ್ನ 8500 ಸುತ್ತಿನ ಇಂಜಿನ್ನಿಗೆ ಸ್ಟ್ರೋಕಿಗೆಷ್ಟು ಹೊತ್ತು ಉಳಿಯುತ್ತದೆಂದು ಲೆಕ್ಕ ಹಾಕಿದರೆ ಮೂರೂವರೆ ಮಿಲಿಸೆಕೆಂಡ್ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಯಾವ ಇಂಧನ ಉರಿದು ಮುಗಿಯುತ್ತದೆ ಎಂಬುದು ಅವನು ಮುಂದೆ ಬಿಡಿಸಬೇಕಾದ ಲೆಕ್ಕ.